ಮೇಟಿಗೆ ಕಟ್ಟದ ಶನಿ

ಮಿರಜ ಊರಿನಲ್ಲಿ, ಹುಟ್ಟಿದಂದಿನಿಂದ ಒಮ್ಮೆಯೂ ತಪ್ಪು ಒಪ್ಪಿಕೊಳ್ಳದವರು ಎರಡು ಬಗೆ. ಒಂದು, ಆರಿಸಿ ಬಂದವರು ಮತ್ತು ಆರಿಸಿ ಬರಲು ಹೊರಟವರು. ಅವರಿಗೆ ಅದು ಹೊಟ್ಟೆಪಾಡು. ಇನ್ನೊಂದು, ಸ್ಟೇಷನ್ ಕಡೆಯ ಓಣಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ ಸತ್ಯಪ್ಪ. ಅವನು ಅದನ್ನು ಪುಕ್ಕಟೆ ಮಾಡುತ್ತಿದ್ದ.

ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಹೊಸದಾಗಿ ತಾಮ್ರದ ತಂತಿ ಸುತ್ತಿ ಮತ್ತೆ ಗುರ್ ಅನ್ನಿಸುವುದು ಅವನ ವರ್ಷಪೂರ್ತಿಯ ಕಸುಬು. ಶ್ರಾವಣ ಬಂತೆಂದರೆ ಮಾತ್ರ ಅವನು ಕಲಾವಿದನಾಗುತ್ತಿದ್ದ. ಗಣೇಶ ಮಂಡಳಗಳಿಗೆ ‘ಹಲತಾ ದೇಖಾವಾ’, ಅಂದರೆ ಅಲುಗಾಡುವ ಗೊಂಬೆಗಳ ದೃಶ್ಯ, ಕಟ್ಟಿಕೊಡುತ್ತಿದ್ದ. ರಾಕ್ಷಸನ ತಲೆ ಉರುಳುವುದು, ಆನೆ ಸೊಂಡಿಲೆತ್ತಿ ಹಾರ ಹಾಕುವುದು, ಕಾಳಿಂಗನ ಹೆಡೆಯ ಮೇಲೆ ಕೃಷ್ಣ ಕುಣಿಯುವುದು, ಎಲ್ಲದರ ಹೊಟ್ಟೆಯಲ್ಲೂ ಸತ್ಯಪ್ಪನದೊಂದು ಗಾಲಿ ಇರುತ್ತಿತ್ತು. ‘ಸತ್ಯಪ್ಪನ ಗಾಲಿ ತಪ್ಪೂದಿಲ್ಲ’ ಎಂಬ ಮಾತು ಊರಲ್ಲಿ ಓಡಾಡುತ್ತಿತ್ತು. ಅದನ್ನು ಓಡಾಡಲು ಬಿಟ್ಟವನೂ ಸತ್ಯಪ್ಪನೇ.

ಒಂದು ವರ್ಷ ಅವನ ಹನುಮಂತ ಸಂಜೀವಿನಿ ಗುಡ್ಡ ಹೊತ್ತು ಹಿಂದುಮುಂದಾಗಿ ಹಾರಿದ. ತಂತಿ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ಯಪ್ಪ ಕಣ್ಣು ಕೂಡ ಮಿಟುಕಿಸದೆ ಅಂದ: “ನಗಬ್ಯಾಡ್ರಿ. ಲಕ್ಷ್ಮಣ ಎದ್ದಾನ. ಗುಡ್ಡ ವಾಪಸ್ ಇಡಾಕ ಹೊಂಟಾನ ಹನುಮಪ್ಪ.” ಆ ಸಲ ಬಹುಮಾನವೂ ಆ ಮಂಡಳಕ್ಕೇ ಬಂತು. ಇಂಥ ಊರಿನಲ್ಲಿ ಮನುಷ್ಯ ತಿದ್ದಿಕೊಳ್ಳುವುದಾದರೂ ಹೇಗೆ?

ಅವನು ಹುಟ್ಟಿದ್ದು ಲಿಂಗನೂರಿನಲ್ಲಿ. ಅಪ್ಪನಿಗೆ ತುಂಡು ಹೊಲ, ಒಂದಿಷ್ಟು ಕುರಿ. ಸಣ್ಣವನಿದ್ದಾಗ ಸತ್ಯಪ್ಪನ ಕೆಲಸ ಸುಗ್ಗಿಯಲ್ಲಿ ಹಂತಿ ಹೊಡೆಯುವುದು. ಕಣದ ನಟ್ಟನಡುವೆ ಮೇಟಿ ಕಂಬ, ಕಂಬಕ್ಕೊಂದು ಹಗ್ಗ, ಆ ಹಗ್ಗಕ್ಕೆ ಸಾಲಾಗಿ ಕೊರಳು ಕೊಟ್ಟ ಎತ್ತುಗಳು ಜೋಳದ ತೆನೆ ತುಳಿಯುತ್ತ ಸುತ್ತುತ್ತವೆ. ಮೇಟಿಯ ಪಕ್ಕದ ಎತ್ತು ಮುದಿಯದಾದರೂ ನಡೆದೀತು. ನಿಂತಲ್ಲೇ ತಿರುಗಿದರೆ ಸಾಕು. ಹೊರಗಿನ ಎತ್ತು ಗಟ್ಟಿ ಇರಬೇಕು, ಓಡಬೇಕು. ಅದರ ಹಿಂದೆ ಸತ್ಯಪ್ಪನೂ ಓಡಬೇಕು. ಹಾಗೆ ಓಡಿ ಓಡಿ ಕಾಲಿಗೆ ಹತ್ತಿದ ವಿದ್ಯೆ ತಲೆಗೇರಿ ಅಲ್ಲೇ ಠಿಕಾಣಿ ಹೂಡಿತ್ತು: ಸುತ್ತುವ ವಸ್ತು ಯಾವುದೇ ಇರಲಿ, ಹೊರಗಿನದು ಜೋರು, ಒಳಗಿನದು ಸಾವಕಾಶ. ಅವನ ಗಾಲಿಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿದ್ದವು. ಆಮೇಲೆ ಈ ಮಾತೇ ಅವನನ್ನು ಕೆಡವಿತು.

ಹೋದ ವರ್ಷ ಗಲ್ಲಿಯ ಮಂಡಳದ ಅಧ್ಯಕ್ಷ ರಾವಸಾಬ ಅವನನ್ನು ಕರೆಸಿದ. ರಾವಸಾಬನಿಗೆ ಮಹಾನಗರಪಾಲಿಕೆಯ ಚುನಾವಣೆಗೆ ಟಿಕೆಟ್ ಬೇಕಿತ್ತು. ಬೆರಳಿಗೊಂದು ಗ್ರಹದ ಉಂಗುರ ಹಾಕಿ ಹಾಕಿ ಈಗ ಅವನಿಗೆ ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ. ನಮಸ್ಕಾರ ಮಾಡಿದರೆ ಕಪಾಟಿನ ಪಾತ್ರೆ ಬಿದ್ದ ಸದ್ದು.

“ಸತ್ಯಪ್ಪಕಾಕಾ, ಈ ಸಲ ಸೂರ್ಯಮಾಲಾ ಮಾಡೂಣು. ನಡುವ ಸೂರ್ಯ, ಸುತ್ತ ಗ್ರಹ, ಗೋಡಿಗೆ ಹನ್ನೆರಡೂ ರಾಶಿ. ಆಜೂಬಾಜೂದವ್ರು ರಾಕೆಟ್ ಹಾರಿಸಾತಾರ, ಹಾರಿಸ್ಲಿ. ನಮ್ದು ಸೈನ್ಸು.”

“ಆತು ಅಣ್ಣಾ. ಮಾಡೂಣು.”

“ಖರೆ ಒಂದ ಮಾತು.” ರಾವಸಾಬ ಕುರ್ಚಿ ಹತ್ತಿರ ಎಳೆದ. “ಶನಿ ಪಟಾಪಟ್ ಓಡಬೇಕು.”

“ಶನೀನ ಯಾಕ್ರಿ?”

“ನನ್ದು ಮೀನ ರಾಶಿ. ಸಾಡೇಸಾತಿ ನಡದೈತಿ. ಶನಿ ನನ್ನ ರಾಶ್ಯಾಗ ಬಂದ ಕುಂತಾನ, ಏಳವಲ್ಲ. ಜ್ಯೋತಿಷಿ ಹೇಳ್ಯಾರ, ಗಣಪತಿ ಮುಂದ ಶನಿ ಓಡೂದು ಸಾವಿರ ಮಂದಿ ಕಣ್ಣಿಗೆ ಬಿತ್ತಂದ್ರ ಮ್ಯಾಲಿನ ಶನಿಗೂ ಹುರುಪು ಬರತೈತಂತ. ಅಲ್ಲಿಗೆ ಟಿಕೆಟ್ ಆತು ಅಂತ ತಿಳೀರಿ.”

ಸೂರ್ಯನಿಂದ ನೂರಾ ನಲವತ್ತು ಕೋಟಿ ಕಿಲೋಮೀಟರ್ ದೂರದಲ್ಲಿ ತನ್ನ ಪಾಡಿಗೆ ತಾನು ಹೊರಟಿರುವ ಗ್ರಹ. ಅದಕ್ಕೆ ಮಿರಜದ ಒಂದು ವಾರ್ಡಿನ ಉಮೇದುವಾರಿಕೆಯ ಜವಾಬ್ದಾರಿ! ಹಾಗಾದರೆ ಅದೇ ವಾರ್ಡಿನ ಗಟಾರ ಮಳೆಗಾಲದಲ್ಲಿ ಉಕ್ಕಿ ಮನೆಯೊಳಗೆ ಬಂದದ್ದೂ ಶನಿಯ ಕೆಲಸವೇ ಇರಬೇಕು. ಓಟು ಕೇಳುವವರು ಮಾಡಬೇಕಾದದ್ದನ್ನು ಗ್ರಹಗಳ ತಲೆಗೆ ಕಟ್ಟಿ, ಗ್ರಹಗಳನ್ನು ಗಣಪತಿಯ ತಲೆಗೆ ಕಟ್ಟಿ, ಗಣಪತಿಯನ್ನು ಒಯ್ದು ನೀರಿಗೆ ಬಿಟ್ಟರೆ ಒಂದು ವರ್ಷದ ಕಾರಭಾರ ಮುಗಿಯಿತು.

ಸತ್ಯಪ್ಪನಿಗೆ ಈ ಸಿಟ್ಟೆಲ್ಲ ಇರಲಿಲ್ಲ. ಅವನಿಗೆ ಖುಷಿಯೇ ಆಯಿತು. ಶನಿ ಹೊರಗಿನ ಎತ್ತು. ಹೇಗೂ ಓಡಿಯೇ ಓಡುತ್ತದೆ. ಒಂದು ದಪ್ಪ ಸಲಾಕೆ ನಡುವೆ ನಿಲ್ಲಿಸಿ, ಅದಕ್ಕೆ ಗಿಡ್ಡದಿಂದ ಉದ್ದಕ್ಕೆ ಎಂಟು ಕಬ್ಬಿಣದ ತೋಳು ಬೆಸೆದು, ತೋಳಿನ ತುದಿಗೊಂದು ಥರ್ಮಾಕೋಲಿನ ಗ್ರಹ ಸಿಕ್ಕಿಸಿದ. ಒಂದೇ ಮೋಟಾರು. ಎಲ್ಲ ಒಟ್ಟಿಗೆ ಸುತ್ತುತ್ತವೆ: ಬುಧ ಸೂರ್ಯನ ಬಗಲಲ್ಲಿ ತೂಕಡಿಸುತ್ತ, ನೆಪ್ಚೂನ್ ಅಂಗಳದ ಕಟ್ಟೆ ಸವರುತ್ತ ಓಡೋಡುತ್ತ. ಶನಿಯೂ ಬಿರುಸಿನಿಂದ, ಅದರ ಉಂಗುರ ಗಾಳಿಗೆ ಪಟಪಟ ಅನ್ನುತ್ತ.

ಅವನು ಅದನ್ನು ಅಂಗಳದಲ್ಲಿ ಓಡಿಸಿ ನೋಡುತ್ತಿದ್ದಾಗ ಸೊಸೆ ಭಾಗ್ಯಾ ಶಾಲೆಯಿಂದ ಬಂದಳು. ಕಸಬೆ ಡಿಗ್ರಜದ ಹುಡುಗಿ, ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೆಗಲ ಚೀಲ ಇಳಿಸದೆಯೇ ನಿಂತು ನೋಡಿದಳು.

“ಮಾವಾರ, ಇದು ಉಲ್ಟಾ ಐತ್ರಿ.”

“ಯಾವ್ದು?”

“ಎಲ್ಲಾನೂ ರಿ. ಸೂರ್ಯನ ಹತ್ತಿರದಾಂವ ಜೋರ ಓಡ್ತಾನ. ದೂರ ಹೋದಂಗ ಸಾವಕಾಶ.”

ಸತ್ಯಪ್ಪ ನಕ್ಕ. “ನಿಮ್ಮ ಡಿಗ್ರಜದಾಗ ಕಣ ಇರಲಿಲ್ಲೇನ? ಹಂತಿ ಎಂದಾರ ನೋಡಿಯೇನ?”

“ನಮ್ಮಲ್ಲಿ ಬರೇ ಕಬ್ಬು ರಿ. ಆದ್ರ ಮಾವಾರ, ಹಂತಿ ಎತ್ತಿಗೆಲ್ಲಾ ಒಂದ ಹಗ್ಗ. ಗ್ರಹಕ್ಕ ಯಾರ ಹಗ್ಗ ಕಟ್ಯಾರ್ರಿ? ಒಂದೊಂದು ತನ್ನ ತನ್ನ ದಾರಿ ಹಿಡದ ಹೊಂಟಾವು. ಸೂರ್ಯ ಎಲ್ಲಾರನ್ನೂ ತನ್ನ ಕಡೆ ಎಳೀತಾನ. ಹತ್ತಿರ ಇದ್ದಾಂವನ್ನ ಭಾಳ ಜಗ್ಗತಾನ. ಅಂವ ಜೋರ ಓಡ್ಲಿಲ್ಲಂದ್ರ ಸೂರ್ಯನ ಬಾಯಾಗ ಬೀಳ್ತಾನ. ದೂರದಾಂವಗ ಜಗ್ಗಾಟ ಕಮ್ಮಿ, ಸಾವಕಾಶ ಹೋದ್ರೂ ನಡೀತೈತಿ.”

“ಹೊರಗಿನ ಎತ್ತು ಸಾವಕಾಶ ಹೋದ್ರ ಹಂತಿ ನಿಂತ ಹೋಗತೈತಿ, ತಿಳಕೋ. ನಾ ಒಮ್ಮೆ ಕೂಡಿಸಿದ ಗಾಲಿ ಇವತ್ತಿನ ತನಕ ಬಿಚ್ಚಿಲ್ಲ.”

ಒಳಗಿನಿಂದ ಹೆಂಡತಿ ಇಂದ್ರವ್ವ ಮಗನ ಹೆಸರು ಹಿಡಿದು ಗಂಡನನ್ನು ಕರೆದಳು. “ಅಜಿತನಪ್ಪಾ, ಅಕಿ ಹೇಳೂದು ಕೇಳ್ರಿ. ಕಲತಾಕಿ ಅದಾಳ.”

“ನೀ ರೊಟ್ಟಿ ಬಡಿ.”

“ಬಡದೇನಿ. ತಿನ್ನಾಕ ನಿಮ್ಮ ಬಾಯಿ ಖಾಲಿ ಇರಬೇಕಲ್ಲ.”

ಭಾಗ್ಯಾ ವಾದ ಬೆಳೆಸಲಿಲ್ಲ. ಚೀಲ ಇಳಿಸುತ್ತ ಮೆಲ್ಲಗೆ ಅಂದಳು: “ಹಬ್ಬದಾಗ ನಮ್ಮ ಸಾಲಿ ಹುಡುಗುರನ್ನ ನೋಡಾಕ ಕರಕೊಂಡ ಬರಾಕಿ ಅದೇನ್ರಿ. ಅವರ ಮುಂದ ಸುಳ್ಳ ಹೇಳಾಕ ನನ್ನ ಕಡೆ ಆಗೂದಿಲ್ಲ. ‘ಇದು ತಪ್ಪೈತಿ, ಮಾಡಿದಾಂವ ನಮ್ಮ ಮಾವ’ ಅಂತ ಹೇಳ್ತೇನಿ. ಸಿಟ್ಟ ಆಗಬ್ಯಾಡ್ರಿ.”

ಸಿಟ್ಟಾಗಬೇಡ ಅಂದರೆ ಆಗದಿರಲು ಸತ್ಯಪ್ಪನೇನು ಸಂತನೇ? ಅವನು ಊಟಕ್ಕೂ ಏಳಲಿಲ್ಲ. ಮೊದಲ ಸಲ ಅವನಿಗೆ ತನ್ನ ಗಾಲಿಯ ಸದ್ದು ಕಿರಿಕಿರಿಯಾಯಿತು. ಗಾಲಿ ಬಿಚ್ಚಿದರೆ ಇಡೀ ಓಣಿ ನೋಡುತ್ತದೆ. ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಹೆಸರು ಹೋಯಿತು. ಬಿಚ್ಚದಿದ್ದರೆ ಮನೆಯ ಸೊಸೆಯೇ ಹುಡುಗರನ್ನು ಸಾಲಾಗಿ ನಿಲ್ಲಿಸಿ ಆ ಹೆಸರು ತೆಗೆಯುತ್ತಾಳೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ: ‘ಹಗ್ಗ ಯಾರು ಕಟ್ಟಿದರು’ ಅನ್ನುವ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ರಾವಸಾಬನ ಮನೆಯಲ್ಲಿ, ಮರುದಿನದ ಸಭೆಯಲ್ಲಿ. ಅಂಥ ಜಾಗದಲ್ಲಿ ಜ್ಞಾನ ಸಿಗುತ್ತದೆಂದು ಯಾರೂ ಎಣಿಸಿರಲಾರರು.

ಸೋಫಾದ ನಡುವೆ ರಾವಸಾಬ. ಅವನ ಮೊಣಕೈ ಪಕ್ಕದಲ್ಲಿ ಸಾರಂಗ. ಎರಡು ಮಕ್ಕಳ ತಂದೆ, ಬಿ.ಕಾಂ. ಪಾಸಾದವನು, ಉದ್ಯೋಗ ರಾವಸಾಬನ ಮೊಬೈಲು ಹಿಡಿಯುವುದು. ಸಭೆ ಶುರುವಾದಾಗಿನಿಂದ ಅವನ ತಳ ನೆಲಕ್ಕೆ ತಾಗಿರಲಿಲ್ಲ. ಚಹಾ ಅಂದರೆ ಓಡಿದ. ಚಪ್ಪಲಿ ಅಂದರೆ ಓಡಿದ. ಫ್ಯಾನು ಜೋರು ಮಾಡಲು, ಕಡಿಮೆ ಮಾಡಲು, ಫ್ಲೆಕ್ಸಿನ ಮೇಲೆ ರಾವಸಾಬನ ಫೋಟೋ ಗಣಪತಿಗಿಂತ ಸಣ್ಣದಾಯಿತೆಂದು ಪ್ರಿಂಟಿನವನಿಗೆ ಬೈಯಲು, ಎಲ್ಲಕ್ಕೂ ಅವನೇ. ಅವನಿಗಿಂತ ಸ್ವಲ್ಪ ಆಚೆ ಕುರ್ಚಿಯಲ್ಲಿದ್ದ ನಾಲ್ಕು ಮಂದಿ ಹೆಸರು ಹಿಡಿದು ಕರೆದಾಗ ಎದ್ದು ನಡೆದು ಬರುತ್ತಿದ್ದರು. ಗೇಟಿನ ಹತ್ತಿರ ಮಾತ್ರ ಮಂಡಳದ ಅತಿ ಹಳೆಯ ಸದಸ್ಯ ಕಾಡಸಿದ್ದಪ್ಪ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುತ್ತ ಕೂತಿದ್ದ. ಸಭೆ ಶುರುವಾದಾಗ ತಿಕ್ಕಲು ಹಿಡಿದದ್ದು, ಇನ್ನೂ ಬಾಯಿಗೆ ಬಿದ್ದಿರಲಿಲ್ಲ.

ಸತ್ಯಪ್ಪ ಸಾರಂಗನ ಅಂಗಿ ಹಿಡಿದ. “ಲೇ, ಒಂದ ಗಳಿಗಿ ಕುಂದ್ರ. ದಮ್ಮ ಹತ್ತೈತಿ ನಿನಗ.”

“ಕುಂತ್ರ ಮುಗೀತು ಕಾಕಾ,” ಸಾರಂಗ ಪಿಸುಗುಟ್ಟಿದ. “ಇಷ್ಟ ಹತ್ತಿರ ಇದ್ದ ಮ್ಯಾಲ ಓಡ್ಲಿಕ್ಕೇ ಬೇಕು. ಇಲ್ಲಾಂದ್ರ ತಿಂದ ಬಿಡ್ತಾರ.” ಮತ್ತೆ ಓಡಿದ.

ಸತ್ಯಪ್ಪ ಎದ್ದು ಗೇಟಿಗೆ ಹೋದ. “ಕಾಡಸಿದ್ದಪ್ಪಣ್ಣಾ, ನೀವ್ಯಾಕ ಆರಾಮ ಕುಂತೀರಿ?”

“ನನ್ನ ಯಾರ ಕರೀತಾರೋ ಇಷ್ಟ ದೂರ? ದನೀನ ಮುಟ್ಟೂದಿಲ್ಲ.” ಕಾಡಸಿದ್ದಪ್ಪ ತಂಬಾಕು ಇನ್ನೊಮ್ಮೆ ತಿಕ್ಕಿದ. “ಹಂಗಂತ ಬಿಟ್ಟ ಹೋಗಾಕೂ ಆಗೂದಿಲ್ಲ. ಸುತ್ತ ಇರೂದು, ಅಷ್ಟ.”

ಸತ್ಯಪ್ಪ ಅಲ್ಲೇ ನಿಂತ. ಸೋಫಾ ನೋಡಿದ, ಸಾರಂಗನ ಓಟ ನೋಡಿದ, ಗೇಟಿನ ತಂಬಾಕು ನೋಡಿದ. ಯಾರ ಕೊರಳಿಗೂ ಹಗ್ಗವಿರಲಿಲ್ಲ. ಆಮೇಲೆ ಸಭೆಯ ನಡುವೆಯೇ ಹಾ ಹಾ ಎಂದು ನಕ್ಕುಬಿಟ್ಟ. ‘ಕಾಯ ಝಾಲಂ?’ ಎಂದು ರಾವಸಾಬ ಮರಾಠಿಯಲ್ಲಿ ಗದರಿದ. ಏನಾಯಿತೆಂದು ಹೇಳುವಷ್ಟು ಹುಚ್ಚು ಸತ್ಯಪ್ಪನಿಗೆ ಇನ್ನೂ ಹಿಡಿದಿರಲಿಲ್ಲ.

ಮನೆಗೆ ಬಂದವನೇ ಸೊಸೆಯನ್ನು ಕರೆದ. ತಪ್ಪಾಯಿತು ಅನ್ನಲಿಲ್ಲ. ಆ ಶಬ್ದಕ್ಕೆ ಅವನ ಗಂಟಲಲ್ಲಿ ದಾರಿಯೇ ಇರಲಿಲ್ಲ. “ಬುಧ ಎಷ್ಟ ಜೋರ ಓಡ್ತಾನ?” ಎಂದ, ಸಂತೆಯಲ್ಲಿ ಎತ್ತಿನ ವಿಚಾರ ಕೇಳುವವನಂತೆ.

ಭಾಗ್ಯಾ ಅವನ ಮುಖ ನೋಡಿದಳು, ಜಾಣೆ, ನಗಲಿಲ್ಲ. “ಮಿರಜ ಸ್ಟೇಷನ್ನಿಂದ ಕೊಲ್ಹಾಪುರ ಎಷ್ಟ ದೂರ ಐತ್ರಿ?”

“ರೈಲಿಗೆ ತಾಸ ಮ್ಯಾಲ ಬೇಕು.”

“ಬುಧಗ ಒಂದ ಸೆಕೆಂಡ ಸಾಕ್ರಿ. ಹೂಂ ಅನ್ನೂದ್ರಾಗ ಕೊಲ್ಹಾಪುರ.”

“ಆಂ!”

“ನಮ್ಮ ಭೂಮಿ ಅದ ಸೆಕೆಂಡದಾಗ ಮೂವತ್ತು ಕಿಲೋಮೀಟರ್. ಗುರು ಹದಿಮೂರು. ಶನಿ ಹತ್ತಕ್ಕ ಸ್ವಲ್ಪ ಕಮ್ಮಿ. ಮಿರಜದಿಂದ ಹೊಂಟ್ರ ಸಾಂಗ್ಲಿ ಮುಟ್ತಾನ. ನೆಪ್ಚೂನ್ ಇನ್ನೂ ಸಾವಕಾಶ, ವಿಶ್ರಾಮಬಾಗದಾಗ ಉಳೀತಾನ.”

ಸತ್ಯಪ್ಪ ಲೆಕ್ಕ ಹಾಕಿದ. “ಸಿಟಿ ಬಸ್ಸಿಗೆ ಅರ್ಧಾ ತಾಸು ಬೇಕು ಸಾಂಗ್ಲಿಗೆ. ಮತ್ತ ಶನೀಗೆ ಮಂದ ಅಂತ ಯಾಕ ಅಂತಾರ?”

“ದಾರಿ ದೊಡ್ಡದ್ರಿ, ಓಟ ಕಮ್ಮಿ. ಹಿಂಗಾಗಿ ಒಂದ ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಬುಧ ನೂರ ಸುತ್ತ ಹಾಕಿದ್ರೂ ಇವನ್ದು ಒಂದ ಮುಗಿಯೂದಿಲ್ಲ.”

ಮರುದಿನ ಬೆಳಗಿನ ಬಿಸಿಲಿನಲ್ಲಿ, ಹಾಲಿನವನು, ಎದುರುಮನೆಯವರು, ರಿಕ್ಷಾದವರು ಎಲ್ಲ ನೋಡುತ್ತಿದ್ದಾಗ ಸತ್ಯಪ್ಪ ತನ್ನ ಗಾಲಿ ಬಿಚ್ಚಿದ. “ಏನಾತ್ರಿ ಕಾಕಾ, ಕೆಡ್ತೇನ?” ಎಂದು ಕೇಳಿದವರಿಗೆ “ಎಣ್ಣಿ ಹಾಕಾತೇನಿ” ಅಂದ. ಎಣ್ಣೆ ಹಾಕಲು ಯಾರೂ ಬೆಸುಗೆ ಒಡೆಯುವುದಿಲ್ಲವೆಂದು ಹಾಲಿನವನಿಗೂ ಗೊತ್ತಿತ್ತು. ತಪ್ಪನ್ನು ತಿದ್ದುವುದು ಅವನಿಗೆ ಸಾಧ್ಯವಾಗಿತ್ತು, ತಪ್ಪು ಅನ್ನುವುದು ಇನ್ನೂ ಆಗಿರಲಿಲ್ಲ. ನಮ್ಮಲ್ಲಿ ಬಹುಮಂದಿ ಇಷ್ಟನ್ನೂ ಮಾಡದೆ ಸಾಯುತ್ತಾರೆ ಅನ್ನಿ.

ಬೋರ್‌ವೆಲ್ ಗುಜರಿಯಿಂದ ಬೇರೆಬೇರೆ ದಪ್ಪದ ಪೈಪು ತಂದು ಒಂದರೊಳಗೊಂದು ತೂರಿಸಿದ. ಪೈಪಿಗೊಂದು ತೋಳು, ತೋಳಿಗೊಂದು ಗ್ರಹ, ಬುಡಕ್ಕೆ ಅದರದೇ ಪುಲಿ, ಪುಲಿಗೆ ಅದರದೇ ಬೆಲ್ಟು. ಒಳಗಿನವಕ್ಕೆ ಸಣ್ಣ ಪುಲಿ, ಹೊರಗಿನವಕ್ಕೆ ದೊಡ್ಡದು, ಶನಿಯಾಚೆಯವಕ್ಕೆ ಬಂಡಿಯ ಗಾಲಿಯಷ್ಟು. ಭಾಗ್ಯಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳುತ್ತಿದ್ದಳು, ಅವನು ಬೆಲ್ಟು ಬಿಗಿಯುತ್ತಿದ್ದ. ಇಂದ್ರವ್ವ ಚಹಾ ತಂದಿಟ್ಟು, “ಎಣ್ಣಿ ಹಾಕೂದು ಮುಗೀತೇನ್ರಿ?” ಅಂತ ಕೇಳಿ ಒಳಗೆ ಹೋಗಿ ನಗುತ್ತಿದ್ದಳು.

ಚೌತಿಯ ಸಂಜೆ. ಗಲ್ಲಿಯ ತುಂಬ ಜನ, ಎದೆ ಒಡೆಯುವ ಸ್ಪೀಕರು, ಮಂಟಪದ ಕಮಾನಿನ ಮೇಲೆ ಗಣಪತಿಗಿಂತ ಒಂದು ಗೇಣು ದೊಡ್ಡ ರಾವಸಾಬ. ಅಸಲಿ ರಾವಸಾಬ ಹಾರ ಹಾಕಿಸಿಕೊಂಡು ಗುಂಡಿ ಒತ್ತಿದ. ಸೂರ್ಯ ಹೊತ್ತಿಕೊಂಡಿತು. ಬುಧ ಜೇನುನೊಣದಂತೆ ಝುಂಯ್ ಎಂದು ತಿರುಗಿತು. ಶುಕ್ರ ಅದರ ಹಿಂದೆ, ಭೂಮಿ ಅದರ ಹಿಂದೆ, ಒಂದಕ್ಕಿಂತ ಒಂದು ಸಾವಕಾಶ. ಜನ ಆಹಾ ಅಂದರು. ಶನಿ ಮಾತ್ರ ತನ್ನ ಬಣ್ಣದ ಉಂಗುರ ಹೊತ್ತು, ಗೋಡೆಯ ಮೇಲೆ ಬರೆದ ಎರಡು ಮೀನುಗಳ ಎದುರು ತಣ್ಣಗೆ ನಿಂತಿತ್ತು. ಕಣ್ಣಿಟ್ಟು ನೋಡಿದವರಿಗಷ್ಟೇ ಅದು ಕದಲುವುದು ಕಾಣುತ್ತಿತ್ತು.

“ಶನಿ ನಿಂತೈತ್ಯೋ!” ಯಾರೋ ಕೂಗಿದರು. “ಅಣ್ಣಾನ ರಾಶ್ಯಾಗ ನಿಂತೈತಿ!”

ರಾವಸಾಬನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. “ಕಾಕಾ, ಬೆಲ್ಟ ಜಾರೇತಿ ಅಂತ ಹೇಳ್ರಿ,” ಎಂದು ಹಲ್ಲು ಕಚ್ಚಿ ಮೈಕು ಸತ್ಯಪ್ಪನ ಕೈಗೆ ತುರುಕಿದ. “ನಾಳೆ ಓಡತೈತಿ ಅಂತ ಹೇಳ್ರಿ. ನಿಮ್ಮ ಗಾಲಿ ತಪ್ಪೂದಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ.”

ದಾರಿ ಸಲೀಸಾಗಿತ್ತು. ಬೆಲ್ಟಿನ ಮೇಲೆ ಹಾಕಿದರೆ ಹೆಸರು ಉಳಿಯುತ್ತಿತ್ತು, ಮಂಡಳ ಉಳಿಯುತ್ತಿತ್ತು, ಹಿಂದುಮುಂದಾದ ಹನುಮಂತನನ್ನು ನಂಬಿದ ಜನ ಇದನ್ನೂ ನಂಬುತ್ತಿದ್ದರು. ಹೆಂಗಸರ ಸಾಲಿನಲ್ಲಿ ಇಂದ್ರವ್ವನ ಪಕ್ಕ ಭಾಗ್ಯಾ ನಿಂತಿದ್ದಳು. ಅವಳು ಮಾವನನ್ನು ನೋಡುತ್ತಿರಲಿಲ್ಲ, ಬುಧನನ್ನು ನೋಡುತ್ತಿದ್ದಳು.

ಸತ್ಯಪ್ಪ ಕೆಮ್ಮಿದ. ಸ್ಪೀಕರು ಆ ಕೆಮ್ಮನ್ನು ಇಡೀ ಗಲ್ಲಿಗೆ ಹಂಚಿತು.

“ಬೆಲ್ಟ ಜಾರಿಲ್ಲ,” ಅಂದ. “ಶನಿ ನಿಂತಿಲ್ಲ. ಅಂವ ಹಿಂಗ ಹೋಗಾಂವ. ಇದಕ್ಕಿಂತ ಮೊದಲ ನಾ ಒಂದ ಗಾಲಿ ಮಾಡಿದ್ದೆ, ಅದರಾಗ ಓಡ್ತಿದ್ದ. ಅದು…” ಮತ್ತೆ ಕೆಮ್ಮಿದ. “ಅದು ನನ್ನ ತಪ್ಪು. ಹಂತಿ ಎತ್ತು ಅಂತ ತಿಳದಿದ್ದೆ. ಸೊಸಿ ಹಿಡದ್ಲು. ಅಕಿ ಹೇಳಿದ್ದು ಬರೋಬ್ಬರಿ ಐತಿ.”

“ಅಗದೀ ಖರೇನಾ?” ಎಂದು ಇಂದ್ರವ್ವ ಸೊಸೆಯ ಕೈ ಚಿವುಟಿದಳು.

“ಮತ್ತ ರಾವಸಾಬಣ್ಣಾ,” ಸತ್ಯಪ್ಪನಿಗೆ ಈಗ ಮೈಕಿನ ರುಚಿ ಹತ್ತಿತ್ತು, “ಶನಿಗೆ ನಿಮ್ಮ ಹೆಸರ ಗೊತ್ತಿಲ್ರಿ. ಅಂವ ನಿಮ್ಮ ಕಡೆ ಬಂದೂ ಇಲ್ಲ, ನಿಮ್ಮನ್ನ ಬಿಟ್ಟ ಹೋಗೂದೂ ಇಲ್ಲ. ಅಂವಗ ಸೂರ್ಯನ ಸುತ್ತೂದ ಒಂದ ಕೆಲಸ. ಗಟಾರ ನೀವ ನೋಡ್ರಿ.”

ಮೈಕು ಬಂದಾಯಿತು. ಆಮೇಲೆ ಬಂದ ಬೈಗುಳಗಳಿಗೆ ಮೈಕು ಬೇಕಾಗಲಿಲ್ಲ. ಸತ್ಯಪ್ಪ ಹತಾರದ ಚೀಲ ಹೆಗಲಿಗೇರಿಸಿ ಹೆಂಡತಿ, ಸೊಸೆಯ ಜೊತೆ ಮನೆಗೆ ನಡೆದ.

ಅವನು ಹೋದ ಮೇಲೆ ಮಂಡಳದವರು ಶನಿಯ ಬೆಲ್ಟು ಕಳಚಿದರು. ಬೇರೆ ಮೋಟಾರು ಕೂಡಿಸಲು ಯಾರಿಗೂ ಬರಲಿಲ್ಲ. ಕೊನೆಗೆ ಆ ಕೆಲಸಕ್ಕೆ ಸಾರಂಗನನ್ನು ಹಚ್ಚಿದರು: ಕೈಯಲ್ಲಿ ಬಿದಿರು ಹಿಡಿದು, ಶನಿಯನ್ನು ತಳ್ಳುತ್ತ, ಗ್ರಹಮಂಡಲದ ಸುತ್ತ ಬಗ್ಗಿಕೊಂಡು ಓಡುವುದು. ಭಾಗ್ಯಾ ಶಾಲೆಯ ಹುಡುಗರನ್ನು ಕರೆತಂದಾಗ ಅವನು ಓಡುತ್ತಲೇ ಇದ್ದ.

“ಬಾಯಾರ,” ಒಬ್ಬಳು ಹುಡುಗಿ ಕೇಳಿದಳು, “ಸೂರ್ಯನ ಸುತ್ತ ಓಡ್ಲಾಕತ್ತಾನಲ್ರಿ, ಅದ್ಯಾವ ಗ್ರಹ?”

“ಅದು ಗ್ರಹ ಅಲ್ಲವ್ವಾ,” ಭಾಗ್ಯಾ ಅಂದಳು. “ಅಂವ ಕಾರ್ಯಕರ್ತ.”

ಇಷ್ಟು ಓಡಿಸಿದರೂ ರಾವಸಾಬನಿಗೆ ಟಿಕೆಟ್ ಸಿಗಲಿಲ್ಲ. ಪಕ್ಷದವರು ಇನ್ನೊಬ್ಬನನ್ನು ಹುಡುಕಿಕೊಂಡರು. ಅವನ ಉಂಗುರಗಳು ಇನ್ನೂ ದಪ್ಪ. ಗಟಾರದ ನೆನಪಾಗಲಿ, ಹಿಂದಿನ ಭರವಸೆಗಳ ನೆನಪಾಗಲಿ ಯಾರಿಗೂ ಆಗಲಿಲ್ಲ. ಮಿರಜದ ಜನ ಬುದ್ಧಿವಂತರು. ಅವರಿಗೆ ಕಾರಣ ಕೂಡಲೇ ಹೊಳೆಯಿತು: ಚೌತಿಯ ಸಂಜೆ ಸತ್ಯಪ್ಪ ಮೀನ ರಾಶಿಯಲ್ಲಿ ಶನಿಯನ್ನು ನಿಲ್ಲಿಸಿಬಿಟ್ಟ. ಮೈಕಿನಲ್ಲಿ ಅವನು ಹೇಳಿದ್ದೆಲ್ಲ ಮಂತ್ರ ಮುಚ್ಚಿಡುವ ಉಪಾಯ. ತಪ್ಪು ಒಪ್ಪಿಕೊಂಡದ್ದಂತೂ ಪಕ್ಕಾ ಗುರುತು. ಕೈಯಲ್ಲಿ ಏನೋ ಶಕ್ತಿಯಿಲ್ಲದೆ ಸತ್ಯಪ್ಪನಂಥವನು ತಪ್ಪಾಯಿತು ಅಂದಾನೆಯೇ?

ಈ ವರ್ಷ ಶ್ರಾವಣಕ್ಕೆ ಮುಂಚೆಯೇ ಪಕ್ಕದ ಗಲ್ಲಿಯ ಮಂಡಳದ ಶಿವಲಿಂಗಪ್ಪ ಪೇಢೆಯ ಡಬ್ಬಿ ಹಿಡಿದು ಅಂಗಡಿಗೆ ಬಂದ. ಅವನೂ ಚುನಾವಣೆಯ ಮನುಷ್ಯನೇ. ನಮಸ್ಕಾರ ಈಗ ಸತ್ಯಪ್ಪನ ಕಾಲಿಗೆ ಬೀಳುವಷ್ಟು ಬಗ್ಗಿತ್ತು.

“ಕಾಕಾರ, ನಮಗೂ ಒಂದ ಸೂರ್ಯಮಾಲಾ ಮಾಡಿ ಕೊಡ್ರಿ. ನಮ್ಮ ಎದುರಿನಾಂವನ್ದು ಮೇಷ ರಾಶಿ. ಶನಿ ಅಲ್ಲೇ ನಿಲ್ಲಬೇಕು.”

“ಶನಿ ನಿಲ್ಲೂದಿಲ್ರಿ. ಸೆಕೆಂಡಿಗೆ ಮಿರಜದಿಂದ ಸಾಂಗ್ಲಿಗೆ ಹೋಗ್ತಾನ.”

“ಹೌದ್ ಹೌದ್ರಿ,” ಶಿವಲಿಂಗಪ್ಪ ಕಣ್ಣು ಹೊಡೆದ. “ಹೊರಗ ಹಂಗ ಹೇಳೂಣು.”

ಸತ್ಯಪ್ಪ ಸುತ್ತುತ್ತಿದ್ದ ತಾಮ್ರದ ತಂತಿ ಕೆಳಗಿಟ್ಟ. ಒಮ್ಮೆ ಹೇಳಿದರೆ ಮುಗಿಯಿತು ಅಂದುಕೊಂಡಿದ್ದ ಮಾತು ಇದು. ಈಗ ನೋಡಿದರೆ ಬಂದವರಿಗೆಲ್ಲ, ಬಂದಾಗಲೆಲ್ಲ ಹೇಳಬೇಕು.

“ಕುಂದ್ರಿ,” ಅಂದ, ಸ್ಟೂಲು ಎಳೆದು. “ಪೇಢೆ ಬಾಜೂಕ ಇಡ್ರಿ. ಮೊದಲ ನಾ ಮಾಡಿದ ತಪ್ಪ ಯಾವ್ದಂತ ಹೇಳ್ತೇನಿ.”